ಒಂಟಿ ಮಾತ್ರೆ

ನಮ್ಮ ಮನೆಯಲ್ಲಿ ಯಾರ ಎಲೆಗೂ ಒಂದೇ ದೋಸೆ ಬಿದ್ದದ್ದಿಲ್ಲ. ಸಾಕೆಂದು ನೀವು ಎಷ್ಟೇ ಕೈ ಅಡ್ಡ ಹಿಡಿಯಿರಿ, ಅಂಗೈಯಗಲದ್ದಾದರೂ ಇನ್ನೊಂದನ್ನು ಹುಯ್ದು ತಂದು, "ಒಂಟಿ ಬಡಿಸ್ಬಾರ್ದು ಮಾರಾಯ್ತಿ" ಎನ್ನುತ್ತ ಅಮ್ಮ ಹಾಕಿಯೇ ಹಾಕುತ್ತಿದ್ದಳು. ಉಡುಪಿ ಕಡೆಯಿಂದ ಬಂದು ಮದರಾಸಿನ ಟಿ. ನಗರದಲ್ಲಿ ಹೋಟೆಲು ಇಟ್ಟ ಮನೆತನ ನಮ್ಮದು. ಉಪಚಾರ ನಮಗೆ ಗುಣವಲ್ಲ, ಚಟ.

ಎಂಬತ್ತರ ದಶಕದ ಮೊದಲಲ್ಲಿ ನನ್ನ ತಮ್ಮ ರಘುವಿನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ನನ್ನದೊಂದನ್ನು ತೆಗೆದು ಅವನಿಗೆ ಕೂಡಿಸಿದರು. ದೇಹವೆಂಬುದು ಎಂಥ ಅನುಮಾನದ ಪ್ರಾಣಿ ನೋಡಿ: ಒಡಹುಟ್ಟಿದವಳು ಕೊಟ್ಟದ್ದೆಂಬ ದಾಕ್ಷಿಣ್ಯವೂ ಇಲ್ಲದೆ, ಹೊರಗಿನದೆಂದು ಗೊತ್ತಾದೊಡನೆ ಅಟ್ಟಲು ನಿಲ್ಲುತ್ತದೆ. ಅದರ ಕಾವಲುಗಾರರು ತುಸು ತೂಕಡಿಸಲೆಂದೇ ಒಂದು ತಿಳಿಹಳದಿ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು.

ಕೊಡುವ ಕೆಲಸ ಅಮ್ಮನದಾಯಿತು, ಪುಟ್ಟ ಬೆಳ್ಳಿ ಬಟ್ಟಲಿನಲ್ಲಿಟ್ಟು. ಅವಳ ಕೈಯಿಂದ ಬಂದದ್ದನ್ನು ಎಣಿಸಿ ನೋಡುವ ಅಭ್ಯಾಸ ರಘುವಿಗೆ ಹುಟ್ಟಿದಾಗಿನಿಂದಲೂ ಇಲ್ಲ. ಕೆಲವು ವಾರಗಳಲ್ಲಿ ಅವನ ಬಾಯಿ ತುಂಬ ಹುಣ್ಣಾಯಿತು, ಗಂಜಿ ನುಂಗಿದರೂ ಕಣ್ಣಲ್ಲಿ ನೀರು. ತಲೆದಿಂಬಿನ ಮೇಲೆ ಕೂದಲು ಉದುರಿ ಬೀಳತೊಡಗಿತು. ಆಮೇಲೆ ಜ್ವರ. ರಕ್ತ ಪರೀಕ್ಷಿಸಿದರೆ ಬಿಳಿಯ ಕಣಗಳು ಹುಡುಕಿದರೂ ಸಿಗದಷ್ಟು ಇಳಿದಿದ್ದವು. ತೂಕಡಿಸಬೇಕಾಗಿದ್ದ ಕಾವಲುಗಾರರು ಮೈಮರೆತು ಮಲಗಿಬಿಟ್ಟಿದ್ದರು.

ಎಷ್ಟು ಮಾತ್ರೆ ಕೊಡುತ್ತಿದ್ದೀರಿ ಎಂದು ಡಾಕ್ಟರು ತಮಿಳಿನಲ್ಲಿ ಕೇಳಿದಾಗ ಅಮ್ಮ ಕಿಂಚಿತ್ತೂ ಅಳುಕಲಿಲ್ಲ.

"ರೆಂಡು ರೆಂಡು. ಒಂಟಿ ಹೇಗೆ ಕೊಡುದು ಡಾಕ್ಟ್ರೇ?"

"ಅಮ್ಮಾ, ಇದು ಇಡ್ಲಿ ಇಲ್ಲೆ, ಮರುಂದು, ಮೆಡಿಸಿನ್," ಎಂದರು ಅವರು, ಮೆಲ್ಲಗೆ. ಬೈದಿದ್ದರೇ ವಾಸಿಯಿತ್ತು.

ಮಾತ್ರೆ ನಿಲ್ಲಿಸಿದರು. ಕಾವಲು ಏಳದಿದ್ದರೆ ಜ್ವರ ತಮ್ಮನನ್ನು ಒಯ್ಯುತ್ತಿತ್ತು. ಎದ್ದು ರೇಗಿದರೆ ನಾನು ಕೊಟ್ಟದ್ದು ಹಾಳಾಗುತ್ತಿತ್ತು. ಅವನ ಕೋಣೆಯೊಳಗೆ ನಮ್ಮನ್ನು ಬಿಡಲಿಲ್ಲ. ಗಾಜಿನಾಚೆ ನಿಂತು ನಾನು ಅತಿಥಿ ಎಂಬ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಅದು ಶುರುವಾಗುವುದೇ 'ಅತಿ'ಯಿಂದ ಎಂಬುದು ಅದುವರೆಗೆ ನನಗೆ ಹೊಳೆದಿರಲಿಲ್ಲ. ಅಮ್ಮನ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಮಾತು ಬಿಟ್ಟಿದ್ದೆ. ಒಂದು ಸಂಜೆ ಪಕ್ಕದಲ್ಲಿ ನಿಂತಿದ್ದವಳು ನನ್ನ ಮುಖ ನೋಡದೆ ಹೇಳಿದಳು: "ನಿನ್ನತ್ರ ಈಗ ಒಂದೇ ಉಂಟು. ಅವನತ್ರವೂ ಒಂದೇ."

ಒಂಟಿ ಮಾತ್ರೆಯೆಂದರೆ ಅವಳಿಗೆ ಅಷ್ಟೊಂದು ಭಯವೇಕಿತ್ತೆಂದು ಆಗ ತಿಳಿಯಿತು. ನನ್ನ ಸಿಟ್ಟು ಅಲ್ಲೇ ಕರಗಿತು. ಅವಳ ಕೈ ಹಿಡಿದುಕೊಂಡೆ.

ಕಣಗಳು ನಿಧಾನವಾಗಿ ಏರಿದವು, ಜ್ವರ ಬಿಟ್ಟಿತು, ಕೂಡಿಸಿದ್ದು ಉಳಿಯಿತು. ಮಾತ್ರೆಯನ್ನು ಮತ್ತೆ ಶುರುಮಾಡಿದರು, ಈ ಸಲ ದಿನಕ್ಕೆ ಒಂದೇ. ಮನೆಗೆ ಬಂದ ಮರುದಿನ ಬೆಳಿಗ್ಗೆ ಅಮ್ಮ ಬಟ್ಟಲು ತಂದಾಗ ನಾನು ಇಣುಕಿ ನೋಡಿದೆ. ಒಂದು ಮಾತ್ರೆ, ಅದರ ಮಗ್ಗುಲಲ್ಲಿ ಅಷ್ಟೇ ಗಾತ್ರದ ಕಲ್ಲುಸಕ್ಕರೆಯ ಹರಳು.

"ಜೊತೆಗಿರ್ಲಿ," ಎಂದಳು.

ಅಮ್ಮ ಈಗಿಲ್ಲ, ದೋಸೆ ಹುಯ್ಯುವವಳು ನಾನು. ಒಂದೇ ಸಾಕೆಂದವರಿಗೆ ಒಂದನ್ನೇ ಹಾಕುತ್ತೇನೆ, ಪಕ್ಕಕ್ಕೊಂದು ಚೂರು ಬೆಲ್ಲ ಇಟ್ಟು.