ಅಡಿಲೇಡಿನಲ್ಲಿ ಬಾಣಂತಿ ಸ್ನಾನ

2016ರ ಜುಲೈ ತಿಂಗಳು. ಮಗಳು ಸುಷ್ಮಾಳ ಬಾಣಂತನಕ್ಕೆಂದು ಮೈಸೂರಿನಿಂದ ಆಸ್ಟ್ರೇಲಿಯಾದ ಅಡಿಲೇಡಿಗೆ ಹೋಗಿದ್ದೆ. ಜುಲೈ ಎಂದರೆ ಅಲ್ಲಿ ಕೊರೆಯುವ ಚಳಿ. ಕಾಲಿಟ್ಟ ದಿನದಿಂದಲೂ ನನಗೆ ಒಂದೇ ಚಿಂತೆ. ತಾಯಿ ಮಗು ಇಬ್ಬರಿಗೂ ಎಣ್ಣೆ ಹಚ್ಚಿ ಎರೆಯುವಷ್ಟು ಬಿಸಿನೀರು ಈ ಮನೆಯಲ್ಲಿ ಸಿಗುತ್ತದೆಯೇ?

ಬಚ್ಚಲಿನಲ್ಲಿ ಗೀಸರ್ ಇರಲಿಲ್ಲ. ಹಿತ್ತಲ ಗೋಡೆಯ ಪಕ್ಕ ಆಳೆತ್ತರದ ಟ್ಯಾಂಕು, ಅದರ ನೆತ್ತಿಯ ಮೇಲೊಂದು ಫ್ಯಾನು. ಹೀಟ್ ಪಂಪ್ ಅಂತೆ. ಹೊರಗಿನ ಗಾಳಿಯಿಂದಲೇ ಶಾಖ ಎಳೆದುಕೊಂಡು ನೀರು ಕಾಯಿಸುತ್ತದೆ ಎಂದು ಅಳಿಯ ಹರೀಶ ಹೆಮ್ಮೆಯಿಂದ ಹೇಳಿದರು. ಈ ಚಳಿಗಾಳಿಯಲ್ಲಿ ಎಲ್ಲಿಯ ಶಾಖ ಎಂದು ನಾನು ಒಳಗೊಳಗೇ ಗೊಣಗಿದೆ.

ಎಲ್ಲರ ಸ್ನಾನ ಮುಗಿದ ಮೇಲೂ ಅದು ಗುಂಯ್ ಎನ್ನುತ್ತಲೇ ಇರುತ್ತಿತ್ತು. ಮೈಸೂರಿನಲ್ಲಿ ಗೀಸರ್ ಆರಿಸದೆ ಯಾರಾದರೂ ಬಚ್ಚಲಿನಿಂದ ಹೊರಬಂದರೆ ನಾನು ಸುಮ್ಮನೆ ಬಿಟ್ಟವಳಲ್ಲ. ಬಟ್ಟೆ ಒಣಹಾಕಲು ಹೋದಾಗ ಟ್ಯಾಂಕಿನ ಪಕ್ಕ ಸ್ವಿಚ್ ಕಂಡಿತು, ಆರಿಸಿಬಿಟ್ಟೆ. ಸಂಜೆ ಬಟ್ಟೆ ತೆಗೆಯುವಾಗ ಮತ್ತೆ ಹಾಕಿದೆ. ಅದೇ ದಿನಚರಿಯಾಯಿತು. ಇದನ್ನೆಲ್ಲ ಯಾರಿಗಾದರೂ ಹೇಳಬೇಕೆಂದು ಅನ್ನಿಸಲೇ ಇಲ್ಲ.

ದಿನದಿಂದ ದಿನಕ್ಕೆ ನೀರಿನ ಬಿಸಿ ಇಳಿಯುತ್ತ ಬಂತು. ನನಗೋ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ.

"ಇದೆಂಥ ಮಿಷನ್ ಹಾಕ್ಸಿದೀರಿ? ಬಾಣಂತಿ ಮೈಗೆ ಈ ಉಗುರುಬೆಚ್ಚಗಿನ ನೀರು ಹಾಕೋದಾ?" ಎಂದು ಅಳಿಯನ ಮೇಲೆ ಹರಿಹಾಯ್ದೆ.

"ರಿಪೇರಿಯವ್ರಿಗೆ ಹೇಳಿದೀನಿ ಅತ್ತೆ, ನಾಳೆ ಬರ್ತಾರೆ" ಎಂದರು ಪಾಪ.

ಆ ಸಂಜೆ ಮಗು ನೋಡಲು ಯಾರೋ ಬಂದರು. ಮಾತಿನ ಗಲಾಟೆಯಲ್ಲಿ ಬಟ್ಟೆಯೂ ಮರೆತುಹೋಯಿತು, ಸ್ವಿಚ್ಚೂ ಮರೆತುಹೋಯಿತು. ಬೆಳಿಗ್ಗೆ ಹನ್ನೆರಡು ದಿನದ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಎರೆಯತೊಡಗಿದೆ. ಎರಡು ಚೊಂಬು ಬೆಚ್ಚಗಿತ್ತು. ಮೂರನೆಯದನ್ನು ನಲ್ಲಿಯಿಂದ ಹಿಡಿದವಳೇ ಅಭ್ಯಾಸಬಲದಲ್ಲಿ ಸುರಿದುಬಿಟ್ಟೆ. ಐಸ್ ನೀರು! ಮಗು ಒಮ್ಮೆ ಕಿಟಾರನೆ ಕಿರುಚಿತು, ಆಮೇಲೆ ಅಳುವೇ ನಿಂತುಹೋಯಿತು. ತುಟಿ ನೀಲಿಗಟ್ಟಿತ್ತು. ನಾನು ಕೂಗಿಕೊಂಡೆ. ಹರೀಶ ಓಡಿಬಂದು ಟವೆಲ್ಲಿನಲ್ಲಿ ಸುತ್ತಿ ಮಗುವನ್ನು ಸುಷ್ಮಾಳ ಎದೆಗೆ ಒತ್ತಿ, ಮೇಲೆ ಎರಡು ರಗ್ಗು ಹೊದಿಸಿದರು. ಅದು ಮತ್ತೆ ಅಳುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಸ್ವಲ್ಪ ಹೊತ್ತಿಗೆ ರಿಪೇರಿಯವನು ಬಂದ. ಬಿಚ್ಚಲಿಲ್ಲ, ತಟ್ಟಲಿಲ್ಲ. ಸ್ವಿಚ್ ಹಾಕಿದ, ಫ್ಯಾನ್ ತಿರುಗಿತು. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹರೀಶ ನನಗೆ ಬಿಡಿಸಿ ಹೇಳಿದರು. "ಗಾಳಿಯಿಂದ ಬಿಸಿ ಎಳೆಯೋಕೆ ಇದಕ್ಕೆ ಗಂಟೆಗಟ್ಟಲೆ ಬೇಕು ಅತ್ತೆ. ಹಗಲು ಬಿಸಿಲಿದ್ದಾಗ ಸಲೀಸು. ತೀರಾ ಚಳಿ ಆದ್ರೆ ಸಹಾಯಕ್ಕೆ ಅಂತ ಒಳಗೆ ಗೀಸರ್ ಥರದ್ದೇ ಕಾಯಿಲ್ ಇದೆ. ಆದ್ರೆ ಕರೆಂಟೇ ಕೊಡ್ದಿದ್ರೆ ಎರಡೂ ಕೆಲಸ ಮಾಡಲ್ಲ."

ಸಲೀಸಾಗಿ ಕೆಲಸ ಮಾಡುವ ಹೊತ್ತಿನಲ್ಲೇ ದಿನವೂ ಅದನ್ನು ಆರಿಸುತ್ತಿದ್ದವಳು ನಾನು.

"ಆಫ್ ಮಾಡಿದ್ದು ಯಾರು?" ಬಾಗಿಲಲ್ಲಿ ಮಗುವನ್ನು ಅವಚಿಕೊಂಡು ನಿಂತಿದ್ದ ಸುಷ್ಮಾ ಕೇಳಿದಳು. ಹರೀಶ ಒಮ್ಮೆ ನನ್ನ ಮುಖ ನೋಡಿದರು.

"ನಾನೇ ಕಣೆ. ನಿನ್ನೆ ಹಿತ್ತಲು ತೊಳೆಯೋವಾಗ ಆಫ್ ಮಾಡಿದ್ದೆ. ಮರೆತೇಬಿಟ್ಟೆ" ಎಂದರು ಹರೀಶ.

"ಮಗೂಗೆ ಏನಾದ್ರೂ ಆಗಿದ್ರೆ? ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ ನಿಂಗೆ?" ಎಂದು ಅವಳು ಅತ್ತು ರಂಪ ಮಾಡಿದಳು. ಅವರು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡರು. ನಾನೂ ಅಲ್ಲೇ ನಿಂತು ಕೇಳಿಸಿಕೊಂಡೆ. ಮಧ್ಯಾಹ್ನ ನಾನೊಬ್ಬಳೇ ಇದ್ದಾಗ ಹರೀಶ ಬಂದು, "ಅತ್ತೆ, ಇನ್ಮೇಲೆ ಆ ಸ್ವಿಚ್ ಹಾಗೇ ಇರ್ಲಿ, ಆಯ್ತಾ?" ಎಂದು ಮೆಲ್ಲಗೆ ಹೇಳಿ ಹೋದರು. ಅಷ್ಟೇ. ಆಮೇಲೆ ಆ ಮಾತನ್ನು ಅವರು ಎತ್ತಲೇ ಇಲ್ಲ.

ಮೊಮ್ಮಗ ಈಗ ಗುಂಡುಗುಂಡಾಗಿ ಓಡಾಡಿಕೊಂಡಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಸುಷ್ಮಾ ಈಗಲೂ, "ಇವನನ್ನ ನಂಬಿ ಮಗೂನ ಬಿಡೋ ಹಾಗಿಲ್ಲಮ್ಮ, ಆ ದಿನ ನೆನಪಿದೆ ತಾನೆ?" ಎಂದು ಗಂಡನನ್ನು ಕೆಣಕುತ್ತಾಳೆ. ಅವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಆವತ್ತು ನನಗೆ ಊಟ ಸೇರುವುದಿಲ್ಲ. ಎಷ್ಟೋ ಸಲ ಹೇಳಿಬಿಡಬೇಕೆಂದು ಫೋನು ಹಿಡಿದು, ಏನೇನೋ ಮಾತಾಡಿ ಇಟ್ಟಿದ್ದೇನೆ. ಈ ಬರಹ ಅಚ್ಚಾಗುವ ಪತ್ರಿಕೆಯನ್ನು ನಾನು ಓದಿ ಮುಗಿಸಿದ ಮೇಲೆ ಪ್ರತಿ ಸಲವೂ ಅವಳಿಗೆ ಕಳಿಸುತ್ತೇನೆ. ಈ ಸಂಚಿಕೆಯನ್ನೂ ಕಳಿಸುತ್ತೇನೆ. ಸ್ವಿಚ್ ಆರಿಸಿದ್ದು ನಾನು ಕಣೆ, ಸುಷ್ಮಾ.