ಪ್ರೊಸೆಸರ್ ಸಾರ್

ನಮ್ಮ ಭಾವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಇದು ಅವರದೇ ಮಾತು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ಅಲ್ಲಿನ ಹುಡುಗರು ಇಟ್ಟ ಹೆಸರು ‘ಪ್ರೊಸೆಸರ್ ಸಾರ್’. ಅದನ್ನು ಬಿರುದು ಎಂದೇ ನಂಬಿ ಮನೆಗೆ ಬಂದು ಹೇಳಿಕೊಂಡಿದ್ದರು, ಪಾಪ. “ಒಮ್ಮೆ ಆಫ್ ಮಾಡಿ ಆನ್ ಮಾಡಿ” ಎನ್ನುವವರನ್ನು ಕಂಡರೆ ಅವರಿಗಾಗದು. ಅದು ಏನೂ ಬಾರದವರ ವೈದ್ಯವಂತೆ. ಮನೆಯ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಿದ್ದರೇ ಹೊರತು ಆಫ್ ಮಾಡಿದ್ದನ್ನು ನಾನು ಕಂಡಿಲ್ಲ.

ಅಕ್ಕನದು ಕಸೂತಿ ಕೆಲಸ. ಕಿಟಕಿಯ ಪಕ್ಕದಲ್ಲಿ ಅವಳ ಕಸೂತಿ ಯಂತ್ರ. ಅದಕ್ಕೆ ಡಿಸೈನ್ ಕಳಿಸುವ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು, ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅವಳ ಹಳೆಯ ಕಂಪ್ಯೂಟರ್ ಸತ್ತ ದಿನವೇ ಯಂತ್ರವೂ ನಿಂತಿತು. ಉಳಿದದ್ದು ಒಂದೇ ದಾರಿ: ಭಾವನ ಕಂಪ್ಯೂಟರಿನ ಒಳಗೇ ಆ ಹಳೆಯ ವಿಂಡೋಸನ್ನು ಅತಿಥಿಯಂತೆ ಕೂರಿಸಿ ನಡೆಸುವುದು.

“ಅದಕ್ಕೆ ಪ್ರೊಸೆಸರ್ ಸಪೋರ್ಟ್ ಬೇಕು. ಚೆಕ್ ಮಾಡ್ತೀನಿ,” ಎಂದು ಭಾವ ಗತ್ತಿನಿಂದ ಕುರ್ಚಿ ಎಳೆದುಕೊಂಡರು.

ಒಳಗಿನ ಸೆಟ್ಟಿಂಗ್ ತೆರೆದು ಆ ಅತಿಥಿಯನ್ನು ಕೂರಿಸಲು ಬೇಕಾದ ವರ್ಚುವಲೈಸೇಶನ್ ಆನ್ ಮಾಡಿ, ರೀಸ್ಟಾರ್ಟ್ ಕೊಟ್ಟರು. ಸಪೋರ್ಟ್ ಇದೆಯೇ ಎಂಬ ಪರೀಕ್ಷೆ ‘ಇಲ್ಲ’ ಎಂದಿತು. ಮತ್ತೆ ರೀಸ್ಟಾರ್ಟ್, ಮತ್ತೆ ‘ಇಲ್ಲ’. ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿದರೆ ಮಾತ್ರ ಈ ಬದಲಾವಣೆ ಜಾರಿಗೆ ಬರುತ್ತದೆ ಎಂದು ಆ ಸೆಟ್ಟಿಂಗಿನ ಕೆಳಗೇ ಬರೆದಿತ್ತು. ಆದರೆ ಓದುವುದು, ಏನೂ ಗೊತ್ತಿಲ್ಲದವರ ಕೆಲಸವಲ್ಲವೇ?

“ರೀ, ಒಂದ್ಸಲ ಪೂರ್ತಿ ಆಫ್ ಮಾಡಿ ನೋಡಿದ್ರೆ?” ಅಕ್ಕ ಮೆಲ್ಲಗೆ ಕೇಳಿದಳು.

“ಇದೇನು ಮಿಕ್ಸಿ ಅಂದ್ಕೊಂಡ್ಯಾ? ಈ ಪ್ರೊಸೆಸರ್‌ಗೆ ಆ ತಾಕತ್ತೇ ಇಲ್ಲ. ಯಂತ್ರ ಮಾರಿಬಿಡು, ಜಾಗನಾದ್ರೂ ಖಾಲಿಯಾಗುತ್ತೆ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. “ಬೇರೆ ಯಾರಿಗಾದ್ರೂ ತೋರಿಸೋಣ ಭಾವ,” ಎಂದೆ. ಮುಖ ಊದಿಸಿಕೊಂಡು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮನೆಯಲ್ಲಿ ರಗಳೆ ಬೇಡವೆಂದು ಅಕ್ಕ ಮಾರಲು ಒಪ್ಪಿದಳು. ನನಗೆ ಮೈಯೆಲ್ಲ ಉರಿಯಿತು. ಭಾವನ ಮೇಲೆಷ್ಟೋ ಅವಳ ಮೇಲೂ ಅಷ್ಟೇ.

ಶನಿವಾರ ಊರಾಚೆಯ ದರ್ಜಿಯೊಬ್ಬ ಬಂದು ಯಂತ್ರವನ್ನು ಗಾಡಿಗೆ ಏರಿಸಿಕೊಂಡು ಹೋದ. ಅದಿದ್ದ ಜಾಗದ ತುಂಬ ಧೂಳು, ಬಣ್ಣದ ನೂಲಿನ ತುಂಡುಗಳು. ಗುಡಿಸಿ ಒರೆಸಲೆಂದು ಅಕ್ಕ ಪಕ್ಕದಲ್ಲಿದ್ದ ಭಾವನ ಕಂಪ್ಯೂಟರಿನ ಪ್ಲಗ್ ಕಿತ್ತಳು. ಅಷ್ಟರಲ್ಲಿ ಭಾವ ಕಾಲೇಜಿನಿಂದ ಬಂದರು.

“ಆಫ್ ಮಾಡೇಬಿಟ್ಯಾ? ಸರಿ, ಬಾ, ನಿನ್ನ ವೈದ್ಯ ಏನಾಯ್ತು ನೋಡೋಣ,” ಎಂದು ಹಂಗಿಸುತ್ತಲೇ ಆನ್ ಮಾಡಿ, ಪರೀಕ್ಷೆ ಓಡಿಸಿದರು.

‘ಇದೆ’ ಎಂದಿತು.

ಭಾವ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಹಳೆಯ ವಿಂಡೋಸನ್ನೂ ಅದರೊಳಗೆ ಆ ಸಾಫ್ಟ್‌ವೇರನ್ನೂ ಕೂರಿಸಿದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಕ್ಕ ಬರೆದು ಪೆನ್‌ಡ್ರೈವಿನಲ್ಲಿ ಉಳಿಸಿಕೊಂಡಿದ್ದ ಬಳ್ಳಿಗಳು, ಹಕ್ಕಿಗಳು ಒಂದೊಂದಾಗಿ ತೆರೆದುಕೊಂಡವು.

“ನೋಡಿದ್ಯಾ! ಸೆಟ್ಟಿಂಗ್ ಮಾಡಿದ್ದು ಯಾರು?” ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಖುಷಿಯಲ್ಲಿ, ಮೇಜಿನ ಮೇಲೆ ಉಳಿದುಹೋಗಿದ್ದ ಯಂತ್ರದ ಕೇಬಲ್ ಕೈಗೆತ್ತಿಕೊಂಡು ಕೂಗಿದರು, “ಯಾವ ಡಿಸೈನ್ ಬೇಕು ಹೇಳು, ಈಗಲೇ ಕಳಿಸ್ತೀನಿ!”

ಒದ್ದೆ ಬಟ್ಟೆ ಹಿಡಿದು ಕಿಟಕಿಯ ಪಕ್ಕ ನಿಂತಿದ್ದ ಅಕ್ಕ ಕೇಳಿದಳು, “ಯಾವುದಕ್ಕೆ ಕಳಿಸ್ತೀರಿ?”