ಸದ್ದು ಮಾಡುವ ಹುಳು

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿನ ಮನೆಯಲ್ಲಿ ಬೆಳೆದವರಿಗೆ ಆಗಿನ ಒಂದು ಸದ್ದು ನೆನಪಿದ್ದೇ ಇರುತ್ತದೆ. ದೊಡ್ಡ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯಲು ಕೂತರೆ ಮನೆ ತುಂಬ ಚರಚರ. ನಾವು ಉಣ್ಣುತ್ತಿದ್ದುದು, ಮಲಗುತ್ತಿದ್ದುದು ಹುಳು ಸಾಕುವ ಬಿದಿರಿನ ತಟ್ಟೆಗಳ ಪಕ್ಕದಲ್ಲೇ. ಮುದ್ದೆ ಸಾರಿಗೂ ಹಸಿ ಸೊಪ್ಪಿನ ವಾಸನೆ. ಅಜ್ಜಿ ಕಣ್ಣು ಮುಚ್ಚಿ ಕೇಳಿಯೇ ಬೆಳೆ ಹೇಗೆಂದು ಹೇಳಿಬಿಡುತ್ತಿದ್ದಳು. ಸದ್ದು ಜೋರಿದ್ದರೆ ಒಳ್ಳೆ ಗೂಡು. ಸದ್ದಡಗಿದರೆ ರೋಗ, ಇಡೀ ತಟ್ಟೆ ತಿಪ್ಪೆಗೆ.

ಅಕ್ಕ ಮಂಜುಳಾ ಏಳನೇ ಕ್ಲಾಸು, ನಾನು ಐದು. ಆ ವರ್ಷ ಶಾಲೆಗೆ ಬಂದ ಡಾಕ್ಟರಮ್ಮ ನಮ್ಮಿಬ್ಬರ ಎದೆಯ ಮೇಲೂ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನನ್ನು ಕರೆಸಿದರು.

"ಇಬ್ರ ಹೃದಯದಲ್ಲೂ ಒಂದು ಸದ್ದಿದೆ. ಏನೂ ಇಲ್ಲದೇನೂ ಇರಬಹುದು. ಸ್ಕ್ಯಾನ್ ಮಾಡಿಸದೆ ಹೇಳಕ್ಕಾಗಲ್ಲ. ಬೆಂಗಳೂರಿಗೆ ಕರ್ಕೊಂಡು ಹೋಗಿ."

ಮನೆಯಲ್ಲಿ ಅಜ್ಜಿ ನಮ್ಮಿಬ್ಬರ ಎದೆಗೂ ಕಿವಿಯಿಟ್ಟಳು. "ಸದ್ದು ಮಾಡೋ ಹುಳ ಎಲ್ಲಾದ್ರೂ ಸಾಯ್ತದೇನಪ್ಪ? ಏಮೀ ಕಾದು, ಏನೂ ಆಗಲ್ಲ. ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ನಲ್ಲಿ ಮನೆ ಬಿಟ್ಟು ಹೋಗ್ತೀಯಾ?"

"ಗೂಡು ಬಿಡಿಸಿದ ಮೇಲೆ ಹೋಗಣ ಬಿಡಮ್ಮ," ಎಂದ ಅಪ್ಪ.

ನಮಗದು ಆಟವಾಯಿತು. ಅಕ್ಕನ ಎದೆಗೆ ಕಿವಿ ಒತ್ತಿ, "ನಿನ್ನ ಹುಳ ಭಾರಿ ತಿಂತಾವೆ ಕಣೇ," ಎನ್ನುತ್ತಿದ್ದೆ. "ನಿನ್ನವು ಇನ್ನೂ ಮರಿ ಕಣಮ್ಮ," ಎಂದು ಅವಳು ನಗುತ್ತಿದ್ದಳು.

ಆ ಗೂಡು ಮಾರಿದ್ದಾಯಿತು. ಹಿಂದೆಯೇ ಇನ್ನೊಂದು ಬೆಳೆ, ಮತ್ತೊಂದು. ಹುಳು ಸಾಕುವ ಮನೆಗೆ ಬಿಡುವು ಎಂಬುದೆಲ್ಲಿದೆ? ಅಷ್ಟರಲ್ಲಿ ಅಕ್ಕ ಸೊಪ್ಪಿನ ಹೊರೆ ಇಳಿಸಿ ಬದುವಿನ ಮೇಲೆ ಕೂರತೊಡಗಿದ್ದಳು. ಒಮ್ಮೆ ಕಣ್ಣು ಕತ್ತಲಿಟ್ಟು ಬಿದ್ದಳು. ಬಿಸಿಲಿಗೆ ಎಂದು ಅಜ್ಜಿ ಬೆಲ್ಲದ ಪಾನಕ ಕುಡಿಸಿದಳು.

ಒಂದು ಬೆಳಿಗ್ಗೆ ಹೊರೆ ಹೊತ್ತು ಬಂದವಳು ಹೊಸ್ತಿಲಲ್ಲೇ ಕುಸಿದಳು. ಸೊಪ್ಪೆಲ್ಲ ಅವಳ ಮೇಲೆ ಚೆಲ್ಲಿತು. ಅಜ್ಜಿ ಅವಳ ಎದೆಗೆ ಕಿವಿಯಿಟ್ಟವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಒಳಗೆ ಹುಳುಗಳು ಜೋರಾಗಿ ಮೇಯುತ್ತಿದ್ದವು. ಮಣ್ಣು ಮಾಡಿ ಬರುವಷ್ಟರಲ್ಲಿ ಪಕ್ಕದ ಮನೆಯವರು ಅದೇ ಸೊಪ್ಪನ್ನು ಬಳಿದು ತಟ್ಟೆಗಳಿಗೆ ಹಾಕಿದ್ದರು.

ಆಮೇಲೆ ಮನೆಯಲ್ಲಿ ಯಾರೂ ಎದೆಯ ಮಾತೆತ್ತಲಿಲ್ಲ. ನನ್ನನ್ನೂ ಡಾಕ್ಟರಿಗೆ ತೋರಿಸಲಿಲ್ಲ, ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ. ಆ ಹೆದರಿಕೆ ನನಗೂ ಅಂಟಿತು. ಮೆಟ್ಟಿಲು ಹತ್ತುವಾಗೆಲ್ಲ ನನ್ನ ಎದೆಯನ್ನು ನಾನೇ ಆಲಿಸುತ್ತ ಅರ್ಧ ಆಯುಷ್ಯ ಕಳೆದೆ.

ಮೊನ್ನೆ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಹೋದಾಗ, ಎದೆಯ ಸದ್ದು ಕೇಳಿ, ಹೃದಯದ ಸ್ಕ್ಯಾನ್ ಇಲ್ಲದೆ ಆಗುವುದಿಲ್ಲ ಎಂದರು. ಮಾಡಿಸಿದೆ. "ನಿಮ್ಮ ಸದ್ದಿನಿಂದ ಏನೂ ತೊಂದರೆ ಇಲ್ಲಮ್ಮ, ಕೆಲವರಿಗೆ ಹೀಗಿರುತ್ತೆ," ಎಂದರು ಡಾಕ್ಟರು. ಅಕ್ಕನ ವಿಷಯ ಹೇಳಿದೆ. ಅವರು ಆಗ ಅವಳಿಗೆಷ್ಟು ವಯಸ್ಸೆಂದು ಕೇಳಿದರು. "ಅವರ ಹೃದಯದ ಕವಾಟ ಕಿರಿದಾಗಿತ್ತೋ ಏನೋ. ಆವತ್ತೇ ನೋಡಿದ್ದಿದ್ರೆ ಗೊತ್ತಾಗ್ತಿತ್ತು."

ಈಗ ಮನೆಯಲ್ಲಿ ಹುಳುಗಳಿಲ್ಲ. ತಟ್ಟೆಗಳು ಎಂದೋ ಒಲೆಗೆ ಹೋದವು. ಅಜ್ಜಿಯೂ ಇಲ್ಲ, ಅವಳ ಮೇಲೆ ಸಿಟ್ಟಾಗಲು ಕೂಡ ತಡವಾಯಿತು. ಸ್ಕ್ಯಾನ್‌ಗೆ ಹಿಡಿದದ್ದು ತಟ್ಟೆಗಳಿಗೆ ಒಂದು ಸಲ ಸೊಪ್ಪು ಹಾಕುವಷ್ಟು ಹೊತ್ತು. ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಅಕ್ಕನಿಗೆ ಸಿಗಲಿಲ್ಲ.